ಕಿಟಕಿಯಿಂದ ಕಾಣುವ ಬಲಿಪೀಠ

ನಮ್ಮ ಭಾಷೆಯಲ್ಲಿ ಕ್ರೈಸ್ತ ವಿಶ್ವಾಸಿಗಳ ಸಮುದಾಯಕ್ಕೆ ಇರುವ ಹೆಸರೇ ಧರ್ಮಸಭೆ. ಇತರ ಕ್ರೈಸ್ತ ಪಂಗಡಗಳ ಸೋದರರು ಅದನ್ನು ಚಿಕ್ಕದಾಗಿ ಸಭೆ ಎಂದೇ ಕರೆಯುತ್ತಾರೆ. ಸಭೆ ಎಂದರೆ ಸೇರುವುದು. ಸೇರದಿದ್ದ ಮೇಲೆ ಸಭೆಯಾದರೂ ಎಲ್ಲಿಯದು? 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ತಪಸ್ಸುಕಾಲದ ನಡುವಿನಲ್ಲಿದ್ದ ನಮ್ಮನ್ನು ಕಾಡಿದ ಪ್ರಶ್ನೆ ಇದೇ. ಆ ವರ್ಷ ಗರಿಗಳ ಭಾನುವಾರ ನಾವು ಗರಿ ಹಿಡಿದು ನಡೆಯಲಿಲ್ಲ. ಏಪ್ರಿಲ್ 12ರ ಪಾಸ್ಖ ಹಬ್ಬದ ಬಲಿಪೂಜೆಯನ್ನು ಅಂಗೈಯಗಲದ ಮೊಬೈಲ್ ತೆರೆಯಲ್ಲಿ ನೋಡಿದೆವು. ಆಮೇಲೆ ಅಂಕಿಗಳು ಬಂದವು: ಮದುವೆಗೆ 50 ಮಂದಿ, ಅಂತ್ಯಕ್ರಿಯೆಗೆ 20 ಮಂದಿ. ಜೂನ್ 8ರಿಂದ ಆರಾಧನಾಲಯಗಳನ್ನು ತೆರೆಯಬಹುದೆಂದು ಕೇಂದ್ರ ಸರ್ಕಾರ ಹೇಳಿದಾಗಲೂ ಗಾನವೃಂದ ಹಾಡುವಂತಿರಲಿಲ್ಲ, ಪವಿತ್ರಜಲ ಚಿಮುಕಿಸುವಂತಿರಲಿಲ್ಲ. 65 ದಾಟಿದ ಹಿರಿಯರಿಗೂ 10 ತುಂಬದ ಮಕ್ಕಳಿಗೂ ಮನೆಯಲ್ಲೇ ಇರಿ ಎಂಬ ಸಲಹೆಯಿತ್ತು.

ಆ ವರ್ಷದ ಆಗಸ್ಟಿನಲ್ಲಿ ನನ್ನ ಚಿಕ್ಕಮ್ಮ ತೀರಿಕೊಂಡರು. ಸೋಂಕಿನಿಂದಲ್ಲ, ವಯಸ್ಸಾಗಿ. ನಾನು ಸಮಾಧಿಭೂಮಿಯನ್ನು ತಲುಪುವ ಹೊತ್ತಿಗೆ ಒಳಗೆ 20 ಮಂದಿ ಆಗಿದ್ದರು. ಗೇಟಿನಲ್ಲಿ ಎಣಿಸುತ್ತ ನಿಂತಿದ್ದವನು ನಮ್ಮದೇ ಧರ್ಮಕೇಂದ್ರದ ಯುವಕ. “ಕ್ಷಮಿಸಿ ಅಂಕಲ್, ಇಪ್ಪತ್ತಾಯಿತು” ಎಂದು ಕೈಮುಗಿದು ತಡೆದ. ನನ್ನನ್ನು ಎತ್ತಿ ಆಡಿಸಿದವರ ಮಣ್ಣಿಗೆ ನಾನು ಇಪ್ಪತ್ತೊಂದನೆಯವನಾಗಿದ್ದೆ. ಕಾಂಪೌಂಡಿನ ಹೊರಗೆ ನಿಂತ ಆ ಅರ್ಧ ಗಂಟೆ ನನ್ನಲ್ಲಿದ್ದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಪ್ರೀತಿಗೆ ಲೆಕ್ಕ ಹಾಕಲು ಇವರು ಯಾರು ಎಂಬ ಸಿಟ್ಟು. ನಿಮ್ಮಲ್ಲಿಯೂ ಅನೇಕರಿಗೆ ಇಂಥ ಒಂದು ಗೇಟಿನ ನೆನಪಿರಬಹುದು.

ಆ ಸಿಟ್ಟು ಹೊತ್ತುಕೊಂಡೇ ಆ ಮಳೆಗಾಲದಲ್ಲಿ ನಾನೊಂದು ಹಳೆಯ ಕಾದಂಬರಿಯನ್ನು ಮತ್ತೆ ಓದಿದೆ. ಇಟಲಿಯ ಅಲೆಸ್ಸಾಂಡ್ರೊ ಮಂಜೋನಿ ಬರೆದ ‘ಇ ಪ್ರೊಮೆಸ್ಸಿ ಸ್ಪೋಸಿ’, ಎಂದರೆ ‘ನಿಶ್ಚಿತಾರ್ಥವಾದ ವಧೂವರರು’. ಜನ ಸೇರುವುದರ ಬಗ್ಗೆ, ಸೇರಬಾರದೆಂಬ ನಿಯಮದ ಬಗ್ಗೆ, ಎರಡರ ನಡುವೆ ಸಿಲುಕಿದ ಧರ್ಮಾಧ್ಯಕ್ಷರೊಬ್ಬರ ಬಗ್ಗೆ ಇಷ್ಟು ನಿಷ್ಠುರವಾಗಿಯೂ ಇಷ್ಟು ಮರುಕದಿಂದಲೂ ಬರೆದ ಇನ್ನೊಂದು ಪುಸ್ತಕವನ್ನು ನಾನು ಕಂಡಿಲ್ಲ. ನಿಯಮಗಳೆಲ್ಲ ಹೋಗಿ, 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತೆಂದು ಸಾರಿಯೂ ಆಗಿರುವ ಈಗ, ಬಿಸಿ ಆರಿದ ಮನಸ್ಸಿನಿಂದ ಆ ಪುಸ್ತಕವನ್ನು ನಿಮ್ಮ ಮುಂದಿಟ್ಟು ವಿಚಾರ ಮಾಡಬಹುದೆಂದು ತೋರುತ್ತದೆ.

ಪುಸ್ತಕ ಮತ್ತು ಅದರ ಕರ್ತೃ

ಮಂಜೋನಿ (1785–1873) ಮಿಲಾನ್ ನಗರದವರು. ಯೌವನದಲ್ಲಿ ವಿಶ್ವಾಸದಿಂದ ದೂರವಿದ್ದು, ಆಮೇಲೆ ಮರಳಿ ಬಂದು ಕೊನೆಯವರೆಗೂ ಶ್ರದ್ಧಾವಂತ ಕಥೋಲಿಕರಾಗಿ ಬಾಳಿದವರು. ಕಾದಂಬರಿ ಮೊದಲು ಪ್ರಕಟವಾದದ್ದು 1827ರಲ್ಲಿ. ಇಂದು ಓದುವ ಪರಿಷ್ಕೃತ ರೂಪ ಬಂದದ್ದು 1840–42ರಲ್ಲಿ. ದಿವಂಗತ ಪೋಪ್ ಫ್ರಾನ್ಸಿಸರಿಗೆ ಇದು ಅಚ್ಚುಮೆಚ್ಚಿನ ಪುಸ್ತಕ. ಮೂರು ಬಾರಿ ಓದಿದ್ದೇನೆಂದು 2013ರ ಸಂದರ್ಶನದಲ್ಲಿ ಹೇಳಿಕೊಂಡಿದ್ದರು. 2015ರಲ್ಲಿ, ಮದುವೆಗೆ ಸಿದ್ಧವಾಗುವ ಯುವಜನರು ಇದನ್ನು ಓದಬೇಕೆಂದು ಸಲಹೆ ಮಾಡಿದ್ದರು.

ಕಥೆ ಸರಳ. ಕೋಮೋ ಸರೋವರದ ಬಳಿಯ ಹಳ್ಳಿಯ ರೆಂಜೊ ಮತ್ತು ಲೂಚಿಯಾ ಎಂಬ ಬಡ ಯುವಕ ಯುವತಿಯರ ಮದುವೆಯನ್ನು ಡಾನ್ ರೋಡ್ರಿಗೊ ಎಂಬ ದುಷ್ಟ ಶ್ರೀಮಂತ ತಡೆಯುತ್ತಾನೆ. ಇಬ್ಬರೂ ಊರು ಬಿಡುತ್ತಾರೆ, ಅಗಲುತ್ತಾರೆ. ಬರಗಾಲ, ಯುದ್ಧ, ಪ್ಲೇಗು ಎಲ್ಲವನ್ನೂ ದಾಟಿ ಕೊನೆಗೆ ಒಂದಾಗುತ್ತಾರೆ. ಇಷ್ಟನ್ನು ಹೇಳಲು 38 ಅಧ್ಯಾಯಗಳು. ಅವುಗಳಲ್ಲಿ 31 ಮತ್ತು 32ನೆಯ ಅಧ್ಯಾಯಗಳಲ್ಲಿ ಕಾದಂಬರಿಕಾರರು ತಮ್ಮ ಪಾತ್ರಗಳನ್ನು ಬದಿಗಿಟ್ಟು ಇತಿಹಾಸಕಾರರಾಗುತ್ತಾರೆ. ಹಳೆಯ ದಾಖಲೆಗಳನ್ನು ಹರಡಿಕೊಂಡು, 1630ರ ಮಿಲಾನಿನ ಪ್ಲೇಗು ಹೇಗೆ ಹಬ್ಬಿತೆಂದು ತಾರೀಖು ಸಹಿತ ಹೇಳುತ್ತಾರೆ.

ನಿಯಮ ಎಂಬ ವಿಷಯ ಮಾತ್ರ ಅದಕ್ಕೂ ಮೊದಲೇ, ಎರಡನೆಯ ಅಧ್ಯಾಯದಲ್ಲೇ ಬರುತ್ತದೆ. ಊರಿನ ಗುರು ಡಾನ್ ಅಬ್ಬೊಂದಿಯೊ ಶ್ರೀಮಂತನ ಬೆದರಿಕೆಗೆ ನಡುಗಿದ್ದಾನೆ. ಆದರೆ ಅದನ್ನು ಬಾಯಿಬಿಟ್ಟು ಹೇಳಲಾರ. ಮದುವೆಯ ದಿನ ಬಂದು ನಿಂತ ರೆಂಜೊನ ಮುಂದೆ ಅವನು ಧರ್ಮಸಭೆಯ ವಿಧಿನಿಯಮಗಳನ್ನು ಲ್ಯಾಟಿನ್ನಿನಲ್ಲಿ ಪಟಪಟನೆ ಒದರುತ್ತಾನೆ. ನಿಯಮ ಇಲ್ಲಿ ಹೇಡಿತನದ ಮರೆ. ಇದನ್ನು ಓದಿದಾಗ ನನಗೆ ಹಿತವಾಯಿತು. ಗೇಟಿನಲ್ಲಿ ನನ್ನನ್ನು ತಡೆದ ಆ ಅಂಕಿಯೂ ಇಂಥದೇ ಒಂದು ಮರೆಯಿರಬೇಕು ಎಂದುಕೊಂಡೆ. ಆದರೆ ಪುಸ್ತಕ ಅಷ್ಟಕ್ಕೇ ನಿಲ್ಲುವುದಿಲ್ಲ.

ತಡವಾಗಿ ಬಂದ ಆಜ್ಞೆ

ಮಿಲಾನ್ ಆಗ ಸ್ಪೇನಿನ ಆಡಳಿತದಲ್ಲಿತ್ತು. 1629ರ ಶರತ್ಕಾಲದಲ್ಲಿ ಯುದ್ಧಕ್ಕೆ ಹೊರಟ ಜರ್ಮನ್ ಸೈನ್ಯದೊಂದಿಗೆ ಪ್ಲೇಗು ಆ ಸೀಮೆಯನ್ನು ಹೊಕ್ಕಿತು. ಸೋಂಕಿನ ಊರುಗಳಿಂದ ಬರುವವರನ್ನು ನಗರದೊಳಗೆ ಬಿಡಬಾರದೆಂದು ಆರೋಗ್ಯ ಮಂಡಳಿ ಅಕ್ಟೋಬರ್ 30ರಂದು ತೀರ್ಮಾನಿಸಿತು. ಆ ಆಜ್ಞೆ ಬರಹಕ್ಕೆ ಇಳಿದದ್ದು ನವೆಂಬರ್ 23ರಂದು, ಪ್ರಕಟವಾದದ್ದು 29ರಂದು. ಅಷ್ಟರಲ್ಲಿ ಪ್ಲೇಗು ಊರೊಳಗಿತ್ತು. ಈ ನಡುವೆ ನವೆಂಬರ್ 18ರಂದು ರಾಜ್ಯಪಾಲ ಸ್ಪಿನೋಲಾ ಹೊರಡಿಸಿದ ಇನ್ನೊಂದು ಆಜ್ಞೆಯೂ ಉಂಟು. ಸ್ಪೇನಿನ ದೊರೆಗೆ ರಾಜಕುಮಾರ ಹುಟ್ಟಿದನೆಂದು ಊರೆಲ್ಲ ಸಾರ್ವಜನಿಕ ಸಂಭ್ರಮ ನಡೆಸಬೇಕೆಂಬ ಆಜ್ಞೆ! ಜನ ಸೇರಬಾರದ ಕಾಲದಲ್ಲಿ ಸರ್ಕಾರವೇ ಜನರನ್ನು ಸೇರಿಸಿತು. ಮಂಜೋನಿ ಇಲ್ಲಿ ಕೂಗಾಡುವುದಿಲ್ಲ. ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ಸುಮ್ಮನಾಗುತ್ತಾರೆ. ಅವರ ವಿಮರ್ಶೆಯ ಬಗೆ ಇದು. ನಮ್ಮ ದೇಶದಲ್ಲಿ 2021ರ ಮಾರ್ಚ್ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಏಳುತ್ತಿದ್ದಾಗಲೇ ನಡೆದ ಚುನಾವಣಾ ಸಭೆಗಳನ್ನೂ ಮಹಾಮೇಳವನ್ನೂ ನೆನೆದರೆ ಆ ಮೌನದ ತೂಕ ನಮಗೂ ತಿಳಿಯುತ್ತದೆ.

ರೋಗದ ಹೆಸರು ಹೇಳುವುದಕ್ಕೂ ಆ ಊರು ಅಂಜಿತು. ಮೊದಲು ಅದು ಪ್ಲೇಗೇ ಅಲ್ಲ ಎಂದರು. ಆಮೇಲೆ ವಿಷಮ ಜ್ವರ ಎಂದರು. ಆಮೇಲೆ ಒಂದು ರೀತಿಯ ಪ್ಲೇಗು ಎಂದರು. ನಿಜವಾಗಿ ಪ್ಲೇಗು ಎನ್ನುವ ಹೊತ್ತಿಗೆ ಬೀದಿಗಳಲ್ಲಿ ಹೆಣಗಳಿದ್ದವು. ಸುಮಾರು 80 ವರ್ಷದ ಹಿರಿಯ ವೈದ್ಯ ಲೊದೊವಿಕೊ ಸೆತ್ತಾಲ, 1576ರ ಪ್ಲೇಗಿನಲ್ಲಿಯೂ ಬಡವರ ಸೇವೆ ಮಾಡಿದವರು, ನಿಜ ಹೇಳಿದ್ದಕ್ಕೆ ಜನ ಅವರ ಪಲ್ಲಕ್ಕಿಯನ್ನು ಮುತ್ತಿದರು. ಹೊತ್ತವರು ಅವರನ್ನು ಹತ್ತಿರದ ಗೆಳೆಯರ ಮನೆಯೊಳಗೆ ಸೇರಿಸಿ ಉಳಿಸಬೇಕಾಯಿತು.

ಇನ್ನೂ ದಾರುಣವಾದ ಒಂದು ಪ್ರಸಂಗವುಂಟು. ಹಿಂದಿನ ಪ್ಲೇಗಿನಲ್ಲಿ ಸತ್ತವರಿಗಾಗಿ ಪ್ರಾರ್ಥಿಸಲು ಪಂಚಾಶತ್ತಮ ಹಬ್ಬದಲ್ಲಿ ಜನ ಸಂತ ಗ್ರೆಗೊರಿಯ ಸಮಾಧಿಭೂಮಿಗೆ ಗುಂಪುಗುಂಪಾಗಿ ಹೋಗುವ ವಾಡಿಕೆಯಿತ್ತು. 1630ರಲ್ಲಿಯೂ ಹೋದರು. ಅದೇ ದಿನ ಒಂದಿಡೀ ಕುಟುಂಬ ಪ್ಲೇಗಿಗೆ ತುತ್ತಾಗಿತ್ತು. ಆರೋಗ್ಯ ಮಂಡಳಿ ಆ ಶವಗಳನ್ನು ಬಟ್ಟೆಯಿಲ್ಲದೆ ಗಾಡಿಯಲ್ಲಿಟ್ಟು, ಮೈಮೇಲಿನ ಗುರುತುಗಳು ಕಾಣಲೆಂದು, ಆ ಗುಂಪಿನ ನಡುವೆಯೇ ಸಾಗಿಸಿತು. ಅಂದಿನಿಂದ ಜನ ಪ್ಲೇಗನ್ನು ಸ್ವಲ್ಪ ಹೆಚ್ಚು ನಂಬಿದರು. ಮಾತಿನಿಂದ ನಂಬಿಕೆ ಗಳಿಸಲಾಗದ ಅಧಿಕಾರ ಸತ್ತವರ ಮಾನವನ್ನು ಖರ್ಚು ಮಾಡಿ ನಂಬಿಕೆ ಕೊಂಡುಕೊಂಡಿತು.

ತಿಳಿದೂ ಒಪ್ಪಿದವರು

ಈಗ ಆ ಎರಡು ಅಧ್ಯಾಯಗಳ ಹೃದಯಕ್ಕೆ ಬರೋಣ. ಸಂತ ಚಾರ್ಲ್ಸ್ ಬೊರೊಮೆಯೊ ಅವರ ಪಾರ್ಥಿವ ಶರೀರವನ್ನು ನಗರದ ಬೀದಿಗಳಲ್ಲಿ ಮೆರವಣಿಗೆಯಲ್ಲಿ ಕೊಂಡೊಯ್ಯಬೇಕೆಂದು ನಗರಸಭೆಯ ಹಿರಿಯರು ಮಹಾಧರ್ಮಾಧ್ಯಕ್ಷರನ್ನು ಕೇಳಿಕೊಂಡರು. ಮಹಾಧರ್ಮಾಧ್ಯಕ್ಷರು ಯಾರು? ಆ ಸಂತರ ಸೋದರ ಸಂಬಂಧಿಯೇ ಆದ ಕಾರ್ಡಿನಲ್ ಫೆಡೆರಿಗೊ ಬೊರೊಮೆಯೊ. ಆಂಬ್ರೋಸಿಯಾನ ಗ್ರಂಥಾಲಯವನ್ನು ಕಟ್ಟಿದ ವಿದ್ವಾಂಸ, ಬಡವರಿಗೆ ಉದಾರಿ, ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೋಗದೆ ರೋಗಿಗಳ ನಡುವೆ ನಿಂತವರು. ಈ ಕಾದಂಬರಿಯಲ್ಲಿ ಮಂಜೋನಿ ಇವರಷ್ಟು ಗೌರವಿಸುವ ವ್ಯಕ್ತಿ ಇನ್ನೊಬ್ಬರಿಲ್ಲ.

ಫೆಡೆರಿಗೊ ಮೊದಲು ಒಪ್ಪಲಿಲ್ಲ. ಅವರ ಕಾರಣಗಳನ್ನು ಮಂಜೋನಿ ಎಣಿಸಿ ಕೊಡುತ್ತಾರೆ. ನಾವೇ ಆರಿಸಿಕೊಂಡ ಒಂದು ಉಪಾಯದ ಮೇಲೆ ಅಷ್ಟೊಂದು ಭರವಸೆ ಇಡುವುದು ಸರಿಯಲ್ಲ. ಅದು ಫಲಿಸದಿದ್ದರೆ ಆ ಭರವಸೆಯೇ ಎಡವುಗಲ್ಲಾದೀತು. ಊರಲ್ಲಿ ವಿಷ ಬಳಿಯುವವರು ಇದ್ದಾರೆಂಬ ಮಾತು ನಿಜವಾದರೆ ಮೆರವಣಿಗೆ ಅವರಿಗೆ ಅನುಕೂಲ. ನಿಜವಲ್ಲದಿದ್ದರೆ, ಅಷ್ಟು ಜನ ಒಂದೆಡೆ ಸೇರುವುದರಿಂದಲೇ ಸೋಂಕು ಹಬ್ಬುತ್ತದೆ. ಓದುಗರೇ, ಮೊದಲ ಕಾರಣವನ್ನು ಗಮನಿಸಿ. ಅದು ವೈದ್ಯನ ಮಾತಲ್ಲ, ಧರ್ಮಗುರುವಿನ ಮಾತು. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದಾರು ಎಂದ ಶೋಧಕನಿಗೆ ಪ್ರಭು ಕೊಟ್ಟ ಉತ್ತರದ ಜಾಡಿನಲ್ಲೇ ಅದೂ ಇದೆ. ಸೇರಬಾರದೆಂಬ ನಿಯಮಕ್ಕೆ ವಿಶ್ವಾಸದ ಕೊರತೆ ಕಾರಣವೆಂದು 2020ರಲ್ಲಿ ನಮ್ಮ ಮನೆಗಳಲ್ಲಿ ವಾದಿಸಿದವರಿಗೆ ಸುಮಾರು 400 ವರ್ಷಗಳ ಹಿಂದೆಯೇ ಒಬ್ಬ ಕಾರ್ಡಿನಲ್ ಉತ್ತರ ಹೇಳಿದ್ದರು.

ಆದರೆ ಬೇಡಿಕೆ ಮತ್ತೆ ಮತ್ತೆ ಬಂತು. ಜನರೂ ಕೂಗಿದರು. ಫೆಡೆರಿಗೊ ಕೊನೆಗೆ ಒಪ್ಪಿದರು. ನಿಯಮ ಹೇಳಬೇಕಾಗಿದ್ದ ಆರೋಗ್ಯ ಮಂಡಳಿ ಎದುರಾಡಲಿಲ್ಲ. ಕೆಲವು ಮುಂಜಾಗ್ರತೆಗಳನ್ನು ಮಾತ್ರ ಕೈಗೊಂಡಿತು. ಹೊರಗಿನವರು ಬಾರದಂತೆ ನಗರದ ದ್ವಾರಗಳನ್ನು ಮುಚ್ಚಿಸಿತು. ಸೋಂಕಿತರೂ ಶಂಕಿತರೂ ಗುಂಪಿನಲ್ಲಿ ಬೆರೆಯದಂತೆ, ಪ್ರತ್ಯೇಕವಾಗಿರಿಸಿದ್ದ ಮನೆಗಳ ಬಾಗಿಲಿಗೆ ಮೊಳೆ ಹೊಡೆಸಿತು. ಅಂಥ ಮನೆಗಳು ಸುಮಾರು 500.

1630ರ ಜೂನ್ 11ರಂದು ಬೆಳಗಿನ ಜಾವ ಮೆರವಣಿಗೆ ಪ್ರಧಾನಾಲಯದಿಂದ ಹೊರಟಿತು. ಬರಿಗಾಲಿನಲ್ಲಿ, ಗೋಣಿಬಟ್ಟೆಯುಟ್ಟು, ಮುಖ ಮುಚ್ಚಿಕೊಂಡು ನಡೆದ ಸ್ತ್ರೀಯರು, ಕಸುಬುದಾರರ ಸಂಘಗಳು, ಸನ್ಯಾಸಿಗಳು, ಗುರುಗಳು, ಸ್ಫಟಿಕದ ಪೆಟ್ಟಿಗೆಯಲ್ಲಿ ಸಂತರ ಶರೀರ, ಹಿಂದೆ ಸ್ವತಃ ಕಾರ್ಡಿನಲ್. ನಗರದ ಎಲ್ಲ ಕೇರಿಗಳಲ್ಲೂ ಅದು ಸಾಗಿತು. ಮಂಜೋನಿ ಈ ದೃಶ್ಯವನ್ನು ಅಪಹಾಸ್ಯ ಮಾಡುವುದಿಲ್ಲ. ಆ ಜನರ ಕಣ್ಣೀರು ನಿಜವೆಂದು ಅವರಿಗೆ ಗೊತ್ತು. ಆದರೆ ಮರುದಿನದಿಂದ ಸಾವು ನಗರದ ಎಲ್ಲ ಭಾಗಗಳಲ್ಲೂ ಎಲ್ಲ ವರ್ಗಗಳಲ್ಲೂ ಒಮ್ಮೆಗೇ ಏರಿತೆಂಬುದನ್ನು ಅವರು ಮುಚ್ಚಿಡುವುದಿಲ್ಲ. ಊರಾಚೆಯ ಪ್ಲೇಗಿನ ಆಸರೆಯಾದ ಲಜರೆತ್ತೊದಲ್ಲಿ 2,000ದಷ್ಟಿದ್ದ ರೋಗಿಗಳು ಸ್ವಲ್ಪ ಕಾಲದಲ್ಲೇ 12,000 ಆದರು. ಮುಂದೆ 16,000ವನ್ನು ಮುಟ್ಟಿದರು. ಜುಲೈ 4ರ ಹೊತ್ತಿಗೆ ದಿನಕ್ಕೆ 500ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ನಗರದಲ್ಲೇ 60ಕ್ಕೂ ಹೆಚ್ಚು ಧರ್ಮಕೇಂದ್ರಗಳ ಗುರುಗಳು ಜನರ ಸೇವೆಯಲ್ಲಿ ಪ್ರಾಣ ಬಿಟ್ಟರು.

ಇಷ್ಟಾದ ಮೇಲೂ ಜನ ಮೆರವಣಿಗೆಯನ್ನು ದೂರಲಿಲ್ಲ. ಗುಂಪಿನಲ್ಲಿ ವಿಷ ಬಳಿಯುವವರು ಸೇರಿಕೊಂಡಿದ್ದರು ಎಂದರು. ಹತ್ತೇ ದಿನಗಳಲ್ಲಿ, ಜೂನ್ 21ರ ಮಳೆಯ ಮುಂಜಾನೆ, ಮಸಿ ಹತ್ತಿದ ಬೆರಳನ್ನು ಗೋಡೆಗೆ ಒರೆಸಿಕೊಂಡ ಗುಲ್ಯೆಲ್ಮೊ ಪಿಯಾತ್ಸ ಎಂಬ ಆರೋಗ್ಯ ಮಂಡಳಿಯ ನೌಕರನನ್ನು ಕಿಟಕಿಯಿಂದ ಕಂಡವರು ಅವನೇ ವಿಷ ಬಳಿಯುವವನೆಂದರು. ಚಿತ್ರಹಿಂಸೆಗೆ ಸಿಕ್ಕಿದ ಅವನು ಜಾನ್ ಜಾಕೊಮೊ ಮೋರಾ ಎಂಬ ಕ್ಷೌರಿಕನ ಹೆಸರು ಹೇಳಿದ. ಆಗಸ್ಟ್ 1ರಂದು ಇಬ್ಬರನ್ನೂ ಕ್ರೂರವಾಗಿ ಕೊಂದರು. ಕ್ಷೌರಿಕನ ಮನೆಯನ್ನು ಕೆಡವಿ, ಅಲ್ಲಿ ಅವರ ಅಪಕೀರ್ತಿಯ ಕಂಬವೊಂದನ್ನು ನಿಲ್ಲಿಸಿದರು. ಅದು 1778ರವರೆಗೆ ಅಲ್ಲೇ ನಿಂತಿತ್ತು.

ಕರ್ತೃವಿನೊಡನೆ ಒಂದು ಜಗಳ

ಇಲ್ಲಿ ನನಗೆ ಮಂಜೋನಿಯವರೊಡನೆ ಜಗಳವಿದೆ. ಫೆಡೆರಿಗೊ ಏಕೆ ಒಪ್ಪಿದರು ಎಂಬಲ್ಲಿ ಅವರು ತಡವರಿಸುತ್ತಾರೆ. ಮನುಷ್ಯ ಹೃದಯದ ರಹಸ್ಯವೆನ್ನುತ್ತಾರೆ. ಬಾಳೆಲ್ಲ ಅಂತಃಸಾಕ್ಷಿಗೆ ವಿಧೇಯರಾಗಿದ್ದ ಇಂಥವರ ವಿಷಯದಲ್ಲಿ ತಪ್ಪನ್ನು ಬುದ್ಧಿಗೆ ಹೊರಿಸಿ ಅಂತಃಸಾಕ್ಷಿಯನ್ನು ಬಿಡುಗಡೆ ಮಾಡಬಹುದೆನ್ನುತ್ತಾರೆ. ಭಕ್ತನ ಮಾತಾಗಿ ಇದು ಚೆನ್ನು. ಆದರೆ ಇದೇ ಮಂಜೋನಿ, ಕಾದಂಬರಿಯ ಪರಿಷ್ಕೃತ ಆವೃತ್ತಿಗೆ ಅನುಬಂಧವಾಗಿ ಬರೆದ ‘ಅಪಕೀರ್ತಿಯ ಕಂಬದ ಇತಿಹಾಸ’ದಲ್ಲಿ ಬೇರೆಯೇ ತಕ್ಕಡಿ ಹಿಡಿಯುತ್ತಾರೆ. ಪಿಯಾತ್ಸ ಮತ್ತು ಮೋರಾ ಅವರನ್ನು ಕೊಲ್ಲಿಸಿದ ನ್ಯಾಯಾಧೀಶರನ್ನು ‘ಕಾಲವೇ ಹಾಗಿತ್ತು’ ಎಂದು ಬಿಡುವುದಿಲ್ಲ. ಅವರ ಕಾಲದ ಕಾನೂನಿನ ಬೆಳಕಿನಲ್ಲಿಯೇ ಅವರು ಸತ್ಯವನ್ನು ಕಾಣಬಹುದಿತ್ತು. ಕಾಣದಿದ್ದದ್ದು ಅವರ ಹೊಣೆ ಎಂದು ವಾದಿಸುತ್ತಾರೆ. ಹಾಗಾದರೆ ಸತ್ಯವನ್ನು ಕಂಡು, ಬಾಯಿಬಿಟ್ಟು ಹೇಳಿ, ಆಮೇಲೆ ಮಣಿದ ಕಾರ್ಡಿನಲ್ಲರ ಹೊಣೆ ಎಷ್ಟು?

ಅವರನ್ನು ನ್ಯಾಯಾಧೀಶರ ಸಾಲಿಗೆ ಸೇರಿಸಬೇಕೆಂದು ನಾನು ಹೇಳುತ್ತಿಲ್ಲ. ಅವರು ಮಣಿದದ್ದು ಭಯಕ್ಕಲ್ಲ, ಅಳುವ ಜನರಿಗೆ. ಅವರಿಗೆ ಅದರಿಂದ ಲಾಭವೇನೂ ಇರಲಿಲ್ಲ. ಆದರೆ ಅಳುವ ಮಕ್ಕಳಿಗೆ ಬೇಡದ್ದನ್ನು ಕೊಡದಿರುವುದೂ ತಂದೆಯ ಕೆಲಸವೇ. ‘ಇಲ್ಲ’ ಎಂಬ ಮೊದಲ ಮಾತಿನಲ್ಲಿ ಅವರು ಕುರುಬರಾಗಿದ್ದರು. ‘ಆಗಲಿ’ ಎಂದಾಗ ಮಂದೆಯ ಹಿಂದೆ ನಡೆದರು. ಮಂಜೋನಿ ಈ ಮಾತನ್ನು ಹೇಳಬಹುದಿತ್ತು. ಅವರ ಪ್ರೀತಿ ಅವರ ಲೇಖನಿಯನ್ನು ಹಿಡಿದಿರಬೇಕು.

ಇನ್ನೂ ಒಂದು ಕೊರತೆಯಿದೆ. ಈ ಪುಸ್ತಕದಲ್ಲಿ ಜನಸಮೂಹ ಎಂದರೆ ಹೆಚ್ಚುಪಾಲು ಮೂಢರ ಗದ್ದಲ. ಆದರೆ ಮೆರವಣಿಗೆಗಾಗಿ ಮೊದಲು ಬಂದು ಕೇಳಿದವರು ಓದುಬಲ್ಲ ಹಿರಿಯರು. ಜನರಿಗಿದ್ದ ಹಸಿವು ಬರೀ ಮೂಢನಂಬಿಕೆಯದೂ ಅಲ್ಲ. ಸಾವು ಮನೆಮನೆಗೆ ನುಗ್ಗಿದಾಗ ಒಬ್ಬರ ಪಕ್ಕ ಒಬ್ಬರು ನಿಲ್ಲಬೇಕೆನ್ನಿಸುವುದು ಮನುಷ್ಯನ ಸಹಜ ಆಸೆ. ಆ ಆಸೆಗೆ ‘ಬೇಡ’ ಎಂದಷ್ಟೇ ಹೇಳಿ ಸುಮ್ಮನಾದ ನಿಯಮ ಎಂದೂ ಬಹಳ ದಿನ ನಿಂತಿಲ್ಲ. ‘ಬೇಡ’ದ ಜೊತೆಗೆ ‘ಹೀಗೆ ಮಾಡೋಣ’ ಎಂಬುದೂ ಬೇಕು. ಅದು ಮಿಲಾನಿಗೆ ಹೊಸದೇನೂ ಆಗಿರಲಿಲ್ಲ.

ದಾರಿ ಕೂಡುವಲ್ಲಿಯ ಶಿಲುಬೆಗಳು

54 ವರ್ಷಗಳ ಹಿಂದೆ, 1576ರಲ್ಲಿ, ಅದೇ ನಗರದಲ್ಲಿ ಪ್ಲೇಗು ಬಂದಾಗ ಮಹಾಧರ್ಮಾಧ್ಯಕ್ಷರಾಗಿದ್ದವರು ಸಂತ ಚಾರ್ಲ್ಸ್ ಬೊರೊಮೆಯೊ. ಅವರೂ ಆ ಅಕ್ಟೋಬರಿನ ಮೊದಲ ವಾರದಲ್ಲಿ ಕೊರಳಿಗೆ ಹಗ್ಗ ಹಾಕಿಕೊಂಡು, ಬರಿಗಾಲಿನಲ್ಲಿ, ಪ್ರಭುವಿನ ಶಿಲುಬೆಯದೆಂದು ಪೂಜಿಸಲಾಗುವ ಮೊಳೆಯನ್ನು ಹಿಡಿದು ಮೆರವಣಿಗೆ ನಡೆಸಿದ್ದು ನಿಜ. ಆದರೆ ತಿಂಗಳ ಕೊನೆಗೆ ನಗರದ ಜನರೆಲ್ಲ ಮನೆಯೊಳಗೇ ಇರಬೇಕೆಂಬ ಆಜ್ಞೆ ಬಂದಾಗ ಅವರು ಅದರೊಡನೆ ಕಾದಾಡಲಿಲ್ಲ. ಬೀದಿಗಳು ಕೂಡುವಲ್ಲಿ ಬಲಿಪೀಠಗಳನ್ನು ನಿಲ್ಲಿಸಿದರು. ಗುರುಗಳು ಅಲ್ಲಿ ಬಲಿಪೂಜೆ ಅರ್ಪಿಸಿದರು. ಜನ ತಮ್ಮ ತಮ್ಮ ಕಿಟಕಿಗಳಿಂದ ಅದರಲ್ಲಿ ಪಾಲ್ಗೊಂಡರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸುತ್ತಿತ್ತು. ಮನೆಮನೆಯ ಕಿಟಕಿಯಿಂದ ಪ್ರಾರ್ಥನೆಗೆ ಪ್ರತ್ಯುತ್ತರ ಏಳುತ್ತಿತ್ತು. ಜನ ಸಭೆಗೆ ಬರಲಾಗದಿದ್ದಾಗ ಸಭೆ ಬೀದಿಗೆ ಬಂತು. ಆ ಬಲಿಪೀಠಗಳ ಜಾಗದಲ್ಲಿ ಮುಂದೆ ಶಿಲುಬೆಯ ಕಂಬಗಳು ಎದ್ದವು.

1630ರ ಮೆರವಣಿಗೆ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತ ಹೋಯಿತೆಂದು ಮಂಜೋನಿ ಹೇಳುವಾಗ ನನ್ನ ಎದೆ ಝಲ್ಲೆಂದಿತು. ಹಿಂದಿನ ಪ್ಲೇಗಿನಲ್ಲಿ ಸಂತ ಚಾರ್ಲ್ಸರು ನೆಡಿಸಿದ ಅದೇ ಶಿಲುಬೆಗಳ ಬಳಿ! ಜನರನ್ನು ಗುಂಪುಗೂಡಿಸದೆ ಪ್ರಾರ್ಥನೆಯಲ್ಲಿ ಒಂದುಗೂಡಿಸಿದ್ದ ಜಾಗಗಳಲ್ಲಿ, ಅದೇ ಸಂತರ ಹೆಸರಿನಲ್ಲಿ, ಜನ ಗುಂಪುಗೂಡಿದರು. ಅವರು ಸಂತರ ದೇಹವನ್ನು ಹೊತ್ತರು, ಸಂತರ ವಿವೇಕವನ್ನು ಮನೆಯಲ್ಲೇ ಬಿಟ್ಟರು. ನಾವು ಹಿರಿಯರಿಂದ ಪಡೆಯುವ ಸಂಪ್ರದಾಯಗಳ ವಿಷಯದಲ್ಲಿ ಇದಕ್ಕಿಂತ ಗಂಭೀರವಾದ ಎಚ್ಚರಿಕೆ ನನಗೆ ತಿಳಿಯದು.

2020ರ ಮಾರ್ಚ್ 27ರ ಸಂಜೆ ಮಳೆಯಲ್ಲಿ ನೆನೆಯುತ್ತಿದ್ದ ಸಂತ ಪೇತ್ರರ ಚೌಕವನ್ನು ನೀವೂ ನೋಡಿರುತ್ತೀರಿ. ಪೋಪ್ ಫ್ರಾನ್ಸಿಸ್ ಪ್ರಾರ್ಥಿಸಿದ ಆ ಮರದ ಶಿಲುಬೆ 1522ರ ಪ್ಲೇಗಿನಲ್ಲಿ ರೋಮಿನ ಬೀದಿಬೀದಿಗಳಲ್ಲಿ ಮೆರವಣಿಗೆ ಹೋದ ಶಿಲುಬೆ. ಈ ಬಾರಿ ಅದು ಖಾಲಿ ಚೌಕದಲ್ಲಿ ಒಂಟಿಯಾಗಿ ನಿಂತಿತ್ತು. ಆದರೂ ಲೋಕವೆಲ್ಲ ತಂತಮ್ಮ ಮನೆಗಳಿಂದ ಅದನ್ನು ನೋಡಿತು.

ಎರಡನೆಯ ಮೆರವಣಿಗೆ ಮತ್ತು ಒಂದು ಬುಟ್ಟಿ

ಕಾದಂಬರಿಯಲ್ಲಿ ಇನ್ನೊಂದು ಮೆರವಣಿಗೆಯಿದೆ. ಮೊದಲನೆಯದರ ಗದ್ದಲದಲ್ಲಿ ಅನೇಕ ಓದುಗರು ಇದನ್ನು ಮರೆಯುತ್ತಾರೆ. ಲೂಚಿಯಾಳನ್ನು ಹುಡುಕುತ್ತ ರೆಂಜೊ ಲಜರೆತ್ತೊಗೆ ಬರುತ್ತಾನೆ. ಅದರ ನಟ್ಟನಡುವೆ ಎಂಟು ಮೂಲೆಗಳ ಒಂದು ಸಣ್ಣ ದೇವಾಲಯ. ಗೋಡೆಗಳಿಲ್ಲ, ಕಂಬಗಳಷ್ಟೇ. ಸುತ್ತಲ ಕೋಣೆಗಳ ಯಾವ ಕಿಟಕಿಯಿಂದ ನೋಡಿದರೂ ನಡುವಿನ ಬಲಿಪೀಠ ಕಾಣಬೇಕೆಂದು ಹಾಗೆ ಕಟ್ಟಿದ್ದರು. ಅಲ್ಲಿ ಫಾದರ್ ಫೆಲೀಚೆ ಕಸಾತಿ ಎಂಬ ಕಪುಚಿನ್ ಸನ್ಯಾಸಿ, ಇತಿಹಾಸದಲ್ಲಿ ಬಾಳಿದ ವ್ಯಕ್ತಿ, ಗುಣವಾದವರನ್ನು ಕೂಡಿಸಿ ಮಾತಾಡುತ್ತಾರೆ. ಕೊರಳಿಗೆ ಹಗ್ಗ ಹಾಕಿಕೊಂಡು ಮೊಣಕಾಲೂರಿ, ನಮ್ಮ ಸೇವೆಯಲ್ಲಿ ಆದ ತಪ್ಪುಗಳನ್ನು ಕ್ಷಮಿಸಿ ಎಂದು ರೋಗಿಗಳಾಗಿದ್ದವರನ್ನೇ ಬೇಡಿಕೊಳ್ಳುತ್ತಾರೆ. ಆಮೇಲೆ ದೊಡ್ಡ ಶಿಲುಬೆ ಹೊತ್ತು ಅವರನ್ನು ಸಾಲಾಗಿ ನಡೆಸಿಕೊಂಡು ಹೋಗುತ್ತಾರೆ. ಎಲ್ಲಿಗೆ? ಮನೆಗಲ್ಲ, ಇನ್ನೂ ಕೆಲವು ದಿನ ಪ್ರತ್ಯೇಕವಾಗಿರಬೇಕಾದ ಇನ್ನೊಂದು ವಸತಿಗೆ. ಈ ಮೆರವಣಿಗೆ ನಿಯಮವನ್ನು ಮುರಿಯುವುದಿಲ್ಲ, ನಿಯಮದೊಳಗೇ ನಡೆಯುತ್ತದೆ. ಅದರ ಮುಂದಾಳು ಕ್ಷಮೆ ಕೇಳುತ್ತಾನೆ. ವಿಜ್ಞಾನ ಒಂದು ಕಡೆ, ಪ್ರಾರ್ಥನೆ ಇನ್ನೊಂದು ಕಡೆ ಎಂದು ಈ ಪುಸ್ತಕವನ್ನು ಓದುವವರು ತಪ್ಪಿ ಓದುತ್ತಾರೆಂದೇ ನನ್ನ ಅಭಿಪ್ರಾಯ. ಮಂಜೋನಿ ಇಟ್ಟಿರುವುದು ಮೆರವಣಿಗೆಯ ಎದುರಿಗೆ ಮೆರವಣಿಗೆಯನ್ನು, ದುಡುಕಿನ ಪ್ರಾರ್ಥನೆಯ ಎದುರಿಗೆ ದೀನ ಪ್ರಾರ್ಥನೆಯನ್ನು.

ನಿಯಮ ಹಾಕುವವರಿಗೂ ಅವರು ಒಂದು ಕನ್ನಡಿ ಹಿಡಿಯುತ್ತಾರೆ. ರೆಂಜೊ ಮಿಲಾನಿನ ಬೀದಿಯಲ್ಲಿ ಬರುವಾಗ ಮೇಲಿನಿಂದ ಒಬ್ಬ ಹೆಂಗಸು ಕೂಗುತ್ತಾಳೆ. ಸುತ್ತ ಪುಟ್ಟ ಮಕ್ಕಳು. ಗಂಡ ಸತ್ತ ಮೇಲೆ ಅಧಿಕಾರಿಗಳು ಬಂದು ಬಾಗಿಲಿಗೆ ಮೊಳೆ ಹೊಡೆದು ಹೋಗಿದ್ದಾರೆ. ನಿನ್ನೆಯಿಂದ ಯಾರೂ ಊಟ ತಂದುಕೊಟ್ಟಿಲ್ಲ. ರೆಂಜೊ ತನ್ನಲ್ಲಿದ್ದ ಎರಡು ರೊಟ್ಟಿಗಳನ್ನು, ಆಕೆ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯಲ್ಲಿ ಇಡುತ್ತಾನೆ. ಅಧಿಕಾರಿಗಳಿಗೆ ತಿಳಿಸುವೆನೆಂದು ಮಾತು ಕೊಡುತ್ತಾನೆ. ಆ ಬಾಗಿಲ ಮೊಳೆ ತಪ್ಪಲ್ಲ. ಮೊಳೆ ಹೊಡೆದು ಮರೆತದ್ದು ತಪ್ಪು. ಮನೆಯಲ್ಲಿರಿ ಎಂದವರು ಮನೆಗೆ ಅನ್ನ ಮುಟ್ಟಿಸಬೇಕು. 2020ರಲ್ಲಿ ಮನೆಯಲ್ಲಿರಿ ಎಂಬ ಮಾತು, ಗೂಡು ಕಟ್ಟಿಕೊಂಡಿದ್ದ ನಮಗೆ ಒಂದು ರೀತಿ ಕೇಳಿಸಿತು. ತಲೆಯ ಮೇಲೆ ಗಂಟು ಹೊತ್ತು ಹೆದ್ದಾರಿಯಲ್ಲಿ ನಡೆದ ಕೂಲಿಕಾರರಿಗೆ ಬೇರೆ ರೀತಿ ಕೇಳಿಸಿತು.

ಕಂಬ ನಿಲ್ಲಿಸುವ ಆಸೆಯೂ ನಮಗೆ ಹೊಸದಲ್ಲ. ಆ ವರ್ಷದ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಡೆದ ಒಂದು ಧಾರ್ಮಿಕ ಸಮಾವೇಶದ ನೆಪದಲ್ಲಿ ಒಂದಿಡೀ ಸಮುದಾಯವನ್ನು ದೂರಿದೆವು. ತರಕಾರಿ ಮಾರುವವನ ಹೆಸರು ಕೇಳಿ ಕೊಳ್ಳುವಷ್ಟಕ್ಕೆ ಕೆಲವೆಡೆ ಇಳಿದೆವು. ವಿದೇಶಗಳಿಂದ ಆ ಸಮಾವೇಶಕ್ಕೆ ಬಂದಿದ್ದವರ ಮೇಲಿನ ಮೊಕದ್ದಮೆಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆಗಸ್ಟ್‌ನಲ್ಲಿ ರದ್ದು ಮಾಡಿತು. ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತಿದೆ ಎಂದಿತು. ಊರಿನ ಪಾಪವನ್ನೆಲ್ಲ ಹೊರಿಸಿ ಅಡವಿಗೆ ಅಟ್ಟಿದ ಹೋತದ ಕಥೆಯನ್ನು ಯಾಜಕಕಾಂಡದಲ್ಲಿ ಓದಿದ ನಮಗೆ ಆ ಪದದ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ರೋಗಿಗಳನ್ನು ನೋಡಿಕೊಂಡು ಬಂದ ದಾದಿಯರಿಗೆ ಬಾಡಿಗೆ ಮನೆಯ ಬಾಗಿಲು ಮುಚ್ಚಿದವರಲ್ಲಿ ನಮ್ಮವರು ಯಾರೂ ಇರಲಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ಮತ್ತೆ ಆ ಗೇಟಿನ ಬಳಿಗೆ

ಪುಸ್ತಕ ಮುಗಿಸಿದ ಮೇಲೆ, ಆಗಸ್ಟಿನ ಆ ದಿನದಲ್ಲಿ ನಾನು ಸಿಟ್ಟಿನ ಭರದಲ್ಲಿ ಮರೆತಿದ್ದ ಒಂದು ಸಂಗತಿ ನೆನಪಿಗೆ ಬಂತು. ಗುರುಗಳು ಪ್ರಾರ್ಥನೆಗೆ ತೊಡಗುವ ಮುನ್ನ ಯಾರೋ ಮೈಕಿನ ಮುಖವನ್ನು ಗೇಟಿನ ಕಡೆಗೆ ತಿರುಗಿಸಿದ್ದರು. ಹೊರಗಿದ್ದ ನಾವು ಹತ್ತು ಹನ್ನೆರಡು ಮಂದಿ ಕಾಂಪೌಂಡಿನ ಆಚೆಯಿಂದಲೇ ಪ್ರತ್ಯುತ್ತರ ಹೇಳಿದೆವು. ಒಳಗಿನ ಇಪ್ಪತ್ತು ಮಂದಿ ಹೊರಬಂದ ಮೇಲೆ ಆ ಯುವಕ ನಮ್ಮನ್ನು ಐದೈದು ಮಂದಿಯಾಗಿ ಒಳಗೆ ಬಿಟ್ಟ. ಚಿಕ್ಕಮ್ಮನ ಮಣ್ಣಿಗೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅವನು ಅಲ್ಲಿಯವರೆಗೂ ಬಿಸಿಲಿನಲ್ಲಿ ನಿಂತೇ ಇದ್ದ. ಸರ್ಕಾರದ ಮಾರ್ಗಸೂಚಿಯಲ್ಲಿ ಇದ್ದದ್ದು 20 ಎಂಬ ಅಂಕಿ ಮಾತ್ರ. ಮೈಕನ್ನು ಹೊರಗೆ ತಿರುಗಿಸಿ ಎಂದಾಗಲಿ, ಉಳಿದವರನ್ನು ಐದೈದಾಗಿ ಬಿಡಿ ಎಂದಾಗಲಿ ಅದರಲ್ಲಿ ಬರೆದಿರಲಿಲ್ಲ. ಅದನ್ನು ಅವನು ಸೇರಿಸಿದ್ದ.

ಪ್ರಿಯ ಓದುಗರೇ, ಇಂಥ ಕಾಲ ಮತ್ತೆ ಬಾರದಿರಲಿ ಎಂದು ಬೇಡೋಣ. ಬಂದರೆ ಏನು ಮಾಡಬೇಕೆಂಬುದನ್ನು ಈಗಲೇ ನಮ್ಮ ಮನೆಗಳಲ್ಲಿ, ಧರ್ಮಕೇಂದ್ರದ ಸಮಿತಿಗಳಲ್ಲಿ ಮಾತಾಡಿಕೊಳ್ಳೋಣ. ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರು ಯಾರು? ಬಾಗಿಲು ಹಾಕಿದ ಮನೆಗೆ ಅಕ್ಕಿ, ಔಷಧಿ ಮುಟ್ಟಿಸುವವರು ಯಾರು? ಒಳಗೆ ಬರಲಾಗದವರಿಗೆ ಬಲಿಪೀಠ ಎಲ್ಲಿಂದ ಕಾಣಬೇಕು? ಮಿಲಾನಿನ ಲಜರೆತ್ತೊದ ನಡುವೆ ಇದ್ದ ಆ ಎಂಟು ಮೂಲೆಗಳ ದೇವಾಲಯ, ಸುತ್ತಲ ಕಟ್ಟಡಗಳು ಬಹುಪಾಲು ಅಳಿದುಹೋದ ಮೇಲೂ, ಸಂತ ಚಾರ್ಲ್ಸರ ಹೆಸರಿನಲ್ಲಿ ಇಂದಿಗೂ ನಿಂತಿದೆ. ಈಗ ಅದಕ್ಕೆ ಗೋಡೆಗಳಿವೆ. ಆದರೆ ಕಟ್ಟಿದವರು ಮೊದಲು ಬರೆದ ನಕ್ಷೆಯಲ್ಲಿ ಗೋಡೆಗಳಿರಲಿಲ್ಲ ಎಂಬುದನ್ನು ನಾವು ನೆನಪಿನಲ್ಲಿಟ್ಟುಕೊಳ್ಳೋಣ.